ಮಲಗುವುದರಲ್ಲೂ ನಪಾಸಾದೆ

ನನಗೆ ಯಾವ ವಿದ್ಯೆಯೂ ಪೂರ್ತಿ ಕೈಹತ್ತಿದ್ದಿಲ್ಲ. ಹಾರ್ಮೋನಿಯಂ ಕಲಿಯಲು ಹೋದಾಗ ಮೇಷ್ಟ್ರೇ ಊರು ಬಿಟ್ಟರು. ಈಜು ಕಲಿಯಲು ಹೋದಾಗ ನೀರು ಕುಡಿದು ಬಂದೆ. ಆದರೆ ಮಲಗುವ ವಿಷಯಕ್ಕೆ ಬಂದರೆ ನನ್ನ ಸಾಧನೆಯನ್ನು ಆಗದವರೂ ಒಪ್ಪುತ್ತಾರೆ. ಮೈಸೂರಿನಿಂದ ಕೊಚ್ಚಿಯ ಪಾಲಾರಿವಟ್ಟಂ ಶಾಖೆಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರ ನಾನು. ಕಾಕ್ಕನಾಡಿನಲ್ಲಿ ನಮ್ಮ ಫ್ಲಾಟಿನ ಪಕ್ಕದಲ್ಲೇ ಇನ್ನೊಂದು ಫ್ಲಾಟು ಏಳುತ್ತಿದೆ. ಇಡೀ ದಿನ ನೆಲಕ್ಕೆ ಕಬ್ಬಿಣ ಹೊಡೆಯುತ್ತಾರೆ. ಗೋಡೆಯ ಮೇಲಿನ ದೇವರ ಪಟ ಅಲುಗುತ್ತದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಮಾತ್ರ ಅಲುಗುವುದಿಲ್ಲ.

ಆದ್ದರಿಂದ ಮೇಲಿನ ಮನೆಯ ಲೀಲಾ ಟೀಚರ್ ಒಂದು ಸಂಜೆ ಲಿಫ್ಟಿನಲ್ಲಿ ಆ ಮಾತು ಹೇಳಿದಾಗ, ದೇಶ ನನ್ನನ್ನೇ ಕರೆಯುತ್ತಿದೆ ಅನ್ನಿಸಿತು.

"ನಿಮಗೆ ಗೊತ್ತಿರುವ ಆರೋಗ್ಯವಂತ ಗಂಡಸರು ಯಾರಾದರೂ ಇದ್ದರೆ ಹೇಳಿ ಸಾರ್. ನನ್ನ ತಂಗಿಯ ಮಗಳು ನೀತು ತಿರುವನಂತಪುರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಬಾಹ್ಯಾಕಾಶಕ್ಕೆ ಹೋಗುವವರ ಆರೋಗ್ಯದ ವಿಷಯ. ಬಂದವರು ಏನೂ ಮಾಡಬೇಕಾಗಿಲ್ಲ. ಕೆಲವು ವಾರ ಸುಮ್ಮನೆ ಮಲಗಿರಬೇಕು."

"ಬೇರೆಯವರನ್ನು ಯಾಕೆ ಹುಡುಕುತ್ತೀರಿ ಟೀಚರ್?" ಎಂದೆ.

ಮನೆಗೆ ಬಂದು ವಿಷಯ ಹೇಳಿದಾಗ ನನ್ನ ಹೆಂಡತಿ ಸುಧಾ ದೋಸೆ ಮಗುಚುತ್ತಿದ್ದಳು.

"ಮಲ್ಕೊಳ್ಳೋಕೂ ಜನ ಬೇಕಂತಾ?"

"ಸುಮ್ನೆ ಮಲಗೋದಲ್ಲ ಕಣೇ, ವಿಜ್ಞಾನಕ್ಕೋಸ್ಕರ."

"ಇಷ್ಟು ವರ್ಷ ಯಾವುದಕ್ಕೋಸ್ಕರ ಮಲಗ್ತಿದ್ರಿ ಮತ್ತೆ?"

ಒಂಬತ್ತನೆಯ ತರಗತಿಯ ಮಗಳು ಮೇಘಾ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಅದು ಶರಿಯಾವಿಲ್ಲ" ಎಂದಳು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ತೀರ್ಪು ಕೊಡುವುದು ಮಾತ್ರ ಮಲಯಾಳಂನಲ್ಲಿ. ಅದು ಸರಿಹೋಗುವುದಿಲ್ಲ ಎಂದು ಅವಳ ಅಭಿಪ್ರಾಯ. ಮನೆಯಲ್ಲಿ ಪ್ರತಿಭೆಗೆ ಬೆಲೆಯಿಲ್ಲ ಎಂದುಕೊಂಡು ತಿರುವನಂತಪುರದ ರೈಲು ಹತ್ತಿದೆ.

ಡಾಕ್ಟರ್ ನೀತು ಚಿಕ್ಕ ವಯಸ್ಸಿನ, ನಿಧಾನವಾಗಿ ಮಾತಾಡುವ ಹುಡುಗಿ. ಮೂಗಿನ ಮೇಲಿನ ಕನ್ನಡಕ ಜಾರಿದಾಗಲೆಲ್ಲ ಮಣಿಕಟ್ಟಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಅರ್ಧ ಇಂಗ್ಲಿಷು, ಅರ್ಧ ಮಲಯಾಳಂನಲ್ಲಿ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿಕಣಗಳಿವೆ. ನೆಲದ ಮೇಲೆ ಇರುವಾಗ ಅವು ಚುರುಕು. ಹೊರಗಿನವನು ಯಾರಾದರೂ ನುಗ್ಗಿದರೆ ಎಚ್ಚೆತ್ತು ಮೇಲೆ ಬೀಳುತ್ತವೆ. ಮೇಲೆ, ತೂಕವೇ ಇಲ್ಲದ ಜಾಗಕ್ಕೆ ಹೋದಾಗ ಅವುಗಳಲ್ಲಿ ಕೆಲವಕ್ಕೆ ಮಂಕು ಕವಿಯುತ್ತದೆ. ಎಂದೋ ಬಂದು ಮೈಯೊಳಗೇ ಅಡಗಿ ಕೂತ ಹಳೆಯ ವೈರಸ್ಸುಗಳು ಆ ಸಮಯ ನೋಡಿ ತಲೆ ಎತ್ತುವುದೂ ಉಂಟು.

"ಇದೆಲ್ಲ ಯಾಕೆ ಆಗುತ್ತದೆ ಅಂತ ತಿಳಿಯಬೇಕು. ಎಲ್ಲರನ್ನೂ ಮೇಲಕ್ಕೆ ಕಳಿಸುವುದಕ್ಕೆ ಆಗುವುದಿಲ್ಲವಲ್ಲ ಸಾರ್. ಅದಕ್ಕೆ ಇಲ್ಲೇ ಮಲಗಿಸುತ್ತೇವೆ. ತಲೆ ಸ್ವಲ್ಪ ಕೆಳಗೆ, ಕಾಲು ಸ್ವಲ್ಪ ಮೇಲೆ. ಆಗ ರಕ್ತ, ನೀರು ಎಲ್ಲ ತಲೆಯ ಕಡೆ ಸರಿಯುತ್ತದೆ. ಅಲ್ಲಿ ಆಗುವ ಹಾಗೆಯೇ."

ಪಕ್ಕದ ಕೋಣೆಯಲ್ಲಿ ಒಂದು ಪುಟ್ಟ ಯಂತ್ರ ತೋರಿಸಿದಳು. ಅದರೊಳಗೆ ಯಾರದೋ ರಕ್ತದ ಕಣಗಳು ಮೆಲ್ಲಗೆ ಸುತ್ತುತ್ತಿದ್ದವು. ಎಲ್ಲಿಯೂ ತಳಕ್ಕೆ ಕೂರಲು ಬಿಡದೆ ಸುತ್ತಿಸಿದರೆ, ಮೇಲೆ ಯಾವುದು ಕೆಳಗೆ ಯಾವುದು ಎಂದು ಅವಕ್ಕೆ ತಿಳಿಯುವುದಿಲ್ಲವಂತೆ. ಮಾರ್ಚ್ ತಿಂಗಳ ಕೊನೆಯಲ್ಲಿ ನಮ್ಮ ಶಾಖೆಯೂ ಹೀಗೇ ಇರುತ್ತದೆ ಎಂದೆ. ನೀತು ನಕ್ಕಳು. ಆ ನಗುವಿನಿಂದ ನನ್ನ ಆಯ್ಕೆ ಖಚಿತ ಅನ್ನಿಸಿತು.

"ನಿಯಮ ಒಂದೇ ಸಾರ್" ಎಂದಳು. "ಏಳಬಾರದು. ಊಟ, ಸ್ನಾನ, ಉಳಿದದ್ದು ಎಲ್ಲವೂ ಮಲಗಿಯೇ. ಮಗ್ಗುಲು ಬದಲಿಸಬಹುದು. ಆದರೆ ಒಂದು ಭುಜ ಯಾವಾಗಲೂ ಹಾಸಿಗೆಗೆ ತಾಗಿರಬೇಕು. ಅರ್ಧಕ್ಕೇ ಬಿಟ್ಟರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ವ್ಯರ್ಥ. ಒಪ್ಪಿಕೊಳ್ಳುವವರು ಸಿಗುವುದೇ ಕಷ್ಟ."

"ನೀವು ಸರಿಯಾದ ಮನುಷ್ಯನನ್ನೇ ಹಿಡಿದಿದ್ದೀರಿ" ಎಂದೆ. ಅವಳು ನಂಬಿದಳು.

ಶಾಖೆಗೆ ಹಿಂತಿರುಗಿ ರಜೆ ಕೇಳುವಾಗ 'ಮಲಗಲು ಹೋಗುತ್ತಿದ್ದೇನೆ' ಎಂದು ಹೇಳುವುದು ಹೇಗೆ? ಬಾಹ್ಯಾಕಾಶ ಸಂಶೋಧನೆಯ ಕೆಲಸ ಎಂದೆ. ಪಕ್ಕದ ಮೇಜಿನ ಜೋಸ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಸಾರೇ, ಮೇಲೆ ಹೋಗುತ್ತೀರಾ?"

"ಅದಕ್ಕೆ ಸಂಬಂಧಪಟ್ಟದ್ದು" ಎಂದೆ.

ಎಷ್ಟು ದೂರದ ಸಂಬಂಧ ಎಂದು ಜೋಸ್ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಶಾಖೆಯಲ್ಲಿ ನಾನು ಆಯ್ಕೆಯಾಗಿದ್ದೆ. ಸಂಜೆಯ ಹೊತ್ತಿಗೆ ತರಬೇತಿ ಶುರುವಾಗಿತ್ತು. ಹೊರಡುವ ದಿನ ಎಡಪ್ಪಳ್ಳಿಯ ಬೇಕರಿಯಿಂದ ಒಂದು ಕೇಕು ಬಂತು. ಅದರ ಮೇಲೆ ನೀಲಿ ಕ್ರೀಮಿನ ರಾಕೆಟ್ಟು. ನಿಜ ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಜೋಸ್ ರಾಕೆಟ್ಟಿನ ಬಾಲವನ್ನು ಆ ಬಾಯಿಗೆ ಇಟ್ಟ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ವಿನಯದಿಂದ ತಲೆ ತಗ್ಗಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ತಿರುವನಂತಪುರದಲ್ಲಿ ಮೊದಲು ಕೆಲವು ದಿನ ಸಾಮಾನ್ಯವಾಗಿ ಓಡಾಡಿಸಿ, ಊಟ ಹಾಕಿ, ರಕ್ತ ತೆಗೆದರು. ಆಮೇಲೆ ಮಂಚ ಹತ್ತಿಸಿದರು.

ಅದು ತೀರ ಸ್ವಲ್ಪ ಇಳಿಜಾರು. ನೋಡಿದರೆ ಬಡಗಿ ಕಾಲು ಕತ್ತರಿಸುವಾಗ ಲೆಕ್ಕ ತಪ್ಪಿದ್ದಾನೆ ಅನ್ನಿಸುವಷ್ಟು. ಇದಕ್ಕಾ ಇಷ್ಟು ಮಾತು ಎಂದುಕೊಂಡೆ. ಒಂದು ಗಂಟೆಯೊಳಗೆ ಮೂಗು ಕಟ್ಟಿತು. ಸಂಜೆಗೆ ಮುಖ ಊದಿತು. ಮರುದಿನ ವಿಡಿಯೊ ಕಾಲಿನಲ್ಲಿ ಸುಧಾ ನನ್ನನ್ನು ದಿಟ್ಟಿಸಿ ನೋಡಿ, "ಏನ್ರೀ, ಇಡ್ಲಿ ಥರ ಉಬ್ಬಿದೀರ" ಎಂದಳು. ವಿಜ್ಞಾನ ಇದನ್ನು ದ್ರವದ ಸ್ಥಾನಪಲ್ಲಟ ಎನ್ನುತ್ತದೆ ಎಂದು ತಿಳಿಸಿದೆ. "ಅಲ್ಲಿ ಆರಾಮಾಗಿದೀರಲ್ಲ?" ಎಂದಳು. ಬೆನ್ನು ಮುರಿಯುವ ಹಾಗೆ ನೋಯುತ್ತಿತ್ತು. "ತುಂಬಾ" ಎಂದೆ.

ಮಲಗಿ ಮಲಗಿ ಗೊತ್ತಾದ ಒಂದು ಸತ್ಯವಿದೆ. ಭಾನುವಾರದ ನಿದ್ದೆ ಸುಖವಾಗಿರುವುದು, ಬೇಕೆಂದಾಗ ಎದ್ದು ಕಾಫಿ ಕುಡಿಯಬಹುದು ಎಂಬ ಒಂದೇ ಕಾರಣಕ್ಕೆ. ಏಳಬಾರದು ಎಂದು ಯಾರಾದರೂ ಹೇಳಿದ ಕ್ಷಣದಿಂದ ಮೈಯ ಪ್ರತಿಯೊಂದು ಮೂಳೆಗೂ ಎದ್ದು ನಿಲ್ಲುವ ಆಸೆ ಹುಟ್ಟುತ್ತದೆ. ಹುಟ್ಟಿದಾಗಿನಿಂದ ವ್ಯಾಯಾಮ ಎಂದರೆ ಓಡಿಹೋಗುತ್ತಿದ್ದ ನಾನು ಮೆಟ್ಟಿಲು ಹತ್ತುವ ಕನಸು ಕಾಣತೊಡಗಿದೆ.

ಊಟ ಇನ್ನೊಂದು ಕಥೆ. ಒಂದು ಭುಜ ಹಾಸಿಗೆಗೆ ಒತ್ತಿ, ಮಗ್ಗುಲಾಗಿ ಉಣ್ಣಬೇಕು. ಅನ್ನ ಹೇಗೋ ಹೋಗುತ್ತಿತ್ತು. ಅವರ ಮೋರು ಕರಿ, ಅಂದರೆ ನಮ್ಮ ಮಜ್ಜಿಗೆ ಹುಳಿಯ ತಂಗಿ, ಗಂಟಲಿಗೆ ಹೋಗಬೇಕಾದದ್ದು ಒಂದು ದಿನ ದಾರಿ ತಪ್ಪಿ ಮೂಗಿಗೆ ಹೋಯಿತು. ಸೀನಿದೆ. ನರ್ಸ್ ಶೀಜಾ ತನ್ನ ಬಿಳಿ ಸಮವಸ್ತ್ರವನ್ನು ನೋಡಿಕೊಂಡು, ಬದಲಿಸಲು ಹೋದರು.

ದಿಂಬು ಕೊಡುತ್ತಿರಲಿಲ್ಲ. ತಲೆ ಎತ್ತರವಾದರೆ ಇಳಿಜಾರು ಕೆಡುತ್ತದಂತೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಮೈ ಒರೆಸುವ ಟವೆಲನ್ನು ನಾಲ್ಕು ಮಡಿಕೆ ಮಾಡಿ ಮೆಲ್ಲಗೆ ತಲೆಯಡಿ ತುರುಕಿಕೊಂಡೆ. ಸ್ವರ್ಗ. ಕಣ್ಣು ಮುಚ್ಚುವಷ್ಟರಲ್ಲಿ ಮೇಲಿನ ಸ್ಪೀಕರಿನಿಂದ ಶಾಂತವಾದ ದನಿ ಬಂತು.

"ಸಾರೇ... ತೋರ್ತ್."

ತೋರ್ತ್ ಎಂದರೆ ಟವೆಲು. ಕೋಣೆಯಲ್ಲಿ ಕ್ಯಾಮೆರಾ ಇರುವುದನ್ನು ನಾನು ಮರೆತಿದ್ದೆ. ನೀತು ಬಂದು ಟವೆಲು ತೆಗೆದುಕೊಂಡಳು. ಬೈಯಲಿಲ್ಲ. "ಚೆನ್ನಾಗಿ ಮಾಡುತ್ತಿದ್ದೀರಿ ಸಾರ್. ನಿಮ್ಮ ಕಣಗಳಲ್ಲಿ ಏನೋ ಬದಲಾವಣೆ ಕಾಣುವುದಕ್ಕೆ ಶುರುವಾಗಿದೆ. ಇನ್ನು ಸ್ವಲ್ಪ ದಿನ ತಡೆದುಕೊಳ್ಳಿ, ಪ್ಲೀಸ್" ಎಂದಳು. ಕನ್ನಡಕ ಮೇಲೆ ತಳ್ಳುವ ಕೈ ದಣಿದಿತ್ತು. ನನಗೆ ನಾಚಿಕೆಯಾಯಿತು. ಏನಾದರಾಗಲಿ, ಈ ಹುಡುಗಿಗೋಸ್ಕರ ಮುಗಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಅದಾದ ಮೇಲೆ ನಾನು ನಿಜವಾಗಿಯೂ ಆದರ್ಶ ರೋಗಿಯಾಗಿದ್ದೆ. ರೋಗ ಒಂದಿರಲಿಲ್ಲ, ಅಷ್ಟೇ.

ಹೀಗಿರುವಾಗ ಪಾಲಾರಿವಟ್ಟಂನಲ್ಲಿ ಹೊರಟ ನನ್ನ ಕೀರ್ತಿ ತಿರುವನಂತಪುರ ತಲುಪಿತು. ನಮ್ಮ ಬ್ಯಾಂಕಿನ ರೀಜನಲ್ ಮ್ಯಾನೇಜರ್ ಇರುವುದು ಅಲ್ಲಿ. ತಮ್ಮ ನೌಕರನೊಬ್ಬ ಬಾಹ್ಯಾಕಾಶಕ್ಕೆ ಸಿದ್ಧನಾಗುತ್ತಿದ್ದಾನೆ ಎಂದು ತಿಳಿದು, ಸ್ವತಃ ಬಂದು ಅಭಿನಂದಿಸುವುದಾಗಿ ಫೋನ್ ಮಾಡಿಸಿದರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ನೀತುವನ್ನು ಬೇಡಿಕೊಂಡೆ. ಅವಳು ಬಹಳ ಯೋಚಿಸಿ, ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತು ಮಾತಾಡಿ ಹೋಗಲಿ ಎಂದು ಒಪ್ಪಿದಳು.

"ನೀವು ಏಳಬೇಡಿ ಸಾರ್, ಅಷ್ಟೇ."

"ಛೆ, ಅಷ್ಟೂ ಗೊತ್ತಾಗುವುದಿಲ್ಲವಾ ನನಗೆ?" ಎಂದೆ.

ಅವರು ಬಂದದ್ದು ಬೆಳಿಗ್ಗೆ. ಶೀಜಾ ಸಿಸ್ಟರ್ ಆಗಷ್ಟೇ ನನ್ನ ತೋಳಿಗೆ ಪಟ್ಟಿ ಕಟ್ಟಿ, ರಕ್ತ ತೆಗೆಯಲು ಸೂಜಿ ಕೈಗೆತ್ತಿಕೊಂಡಿದ್ದರು. ಬಾಗಿಲು ತೆರೆಯಿತು. ಮೊದಲು ಹೂಗುಚ್ಛ ಕಾಣಿಸಿತು. ಅದರ ಹಿಂದೆ, ಮಾಸ್ಕಿನ ಮೇಲೆ, ವರ್ಷಕ್ಕೊಮ್ಮೆ ನಮ್ಮ ಶಾಖೆಯ ತಪಾಸಣೆಗೆ ಬರುವ ಆ ಎರಡು ಕಣ್ಣು.

ಇದರಲ್ಲಿ ನನ್ನ ಬುದ್ಧಿಯ ಪಾತ್ರ ಏನೂ ಇಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಬ್ಯಾಂಕಿಗೆ ಸೇರಿದಂದಿನಿಂದ ಅಂಥ ಕಣ್ಣು ಬಾಗಿಲಲ್ಲಿ ಕಂಡ ತಕ್ಷಣ ನನ್ನ ಕಾಲುಗಳು ತಾವಾಗಿಯೇ ಎದ್ದು ನಿಂತಿವೆ. ಅಂದೂ ನಿಂತವು.

"ಅಯ್ಯೋ ಸಾರೇ, ಎಳುನ್ನೇಲ್ಕಲ್ಲೇ" ಎಂದು ಶೀಜಾ ಸಿಸ್ಟರ್ ಕೂಗಿದ್ದು ಕೇಳಿಸಿತು. ಏಳಬೇಡಿ ಎಂದು ಅದರ ಅರ್ಥ. ಆಗಲೇ ಎದ್ದಾಗಿತ್ತು. "ಗುಡ್ ಮಾರ್ನಿಂಗ್ ಸಾರ್" ಎನ್ನಲು ಹೊರಟೆ. ವಾರಗಟ್ಟಲೆ ತಲೆಯಲ್ಲಿ ಮನೆ ಮಾಡಿಕೊಂಡಿದ್ದ ರಕ್ತವೆಲ್ಲ ಒಮ್ಮೆಲೇ ಕಾಲಿಗಿಳಿಯಿತು. ಗುಡ್ ಎನ್ನುವವರೆಗೆ ನಾನಿದ್ದೆ. ಮಾರ್ನಿಂಗ್ ಹೊತ್ತಿಗೆ ಇರಲಿಲ್ಲ.

ಎಚ್ಚರವಾದಾಗ ನೆಲದ ಮೇಲಿದ್ದೆ. ನನ್ನ ಕೆಳಗೆ ಹೂಗುಚ್ಛ, ಅದರ ಕೆಳಗೆ ರೀಜನಲ್ ಮ್ಯಾನೇಜರ್ ಅವರ ಎಡಗಾಲು. ನನ್ನನ್ನು ಹಿಡಿಯಲು ಬಂದು ಅವರೂ ಕೂತುಬಿಟ್ಟಿದ್ದರು. ಅಷ್ಟು ದೊಡ್ಡ ಮನುಷ್ಯ, ಮೊದಲ ಸಲ ನನ್ನ ಎತ್ತರದಲ್ಲೇ ಇದ್ದರು.

"ಯಾವಾಗ ಉಡಾವಣೆ?" ಎಂದು ಮೆಲ್ಲಗೆ ಕೇಳಿದರು.

"ಉಡಾವಣೆ ಇಲ್ಲ ಸಾರ್. ಮಲಗುವುದಷ್ಟೇ" ಎಂದೆ.

ಅವರು ಜಾರಿದ ಮಾಸ್ಕನ್ನು ಸರಿಮಾಡಿಕೊಂಡರು. "ಅದನ್ನಾದರೂ ಸರಿಯಾಗಿ ಮಾಡಬಹುದಿತ್ತಲ್ಲ" ಎಂದರು.

ಶೀಜಾ ಸಿಸ್ಟರ್ ಮಾತ್ರ ಕರ್ತವ್ಯ ಮರೆಯಲಿಲ್ಲ. ನನ್ನನ್ನು ಮಂಚಕ್ಕೆ ಎತ್ತಿಸಿದ ತಕ್ಷಣ ಆ ದಿನದ ರಕ್ತ ತೆಗೆದೇ ತೆಗೆದರು. ಸಂಜೆ ನೀತು ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಳು.

"ಗಾಬರಿಯಾದಾಗ ಬಿಳಿಕಣಗಳು ಅಡಗಿದ್ದ ಮೂಲೆಗಳಿಂದ ರಕ್ತಕ್ಕೆ ನುಗ್ಗುತ್ತವೆ ಸಾರ್. ನಿಮ್ಮವು ಎಲ್ಲವೂ ಬಂದುಬಿಟ್ಟಿವೆ. ಹುಲಿ ಬೆನ್ನಟ್ಟಿದವರ ರಕ್ತ ಹೀಗಿರಬಹುದು." ಕನ್ನಡಕ ತೆಗೆದು ಒರೆಸಿದಳು. "ಇದನ್ನು ತೂಕವಿಲ್ಲದ ಸ್ಥಿತಿಯ ಪರಿಣಾಮ ಅಂತ ಬರೆಯುವುದಕ್ಕೆ ಆಗುವುದಿಲ್ಲ. ಇದು ರೀಜನಲ್ ಮ್ಯಾನೇಜರ್ ಪರಿಣಾಮ."

"ಮತ್ತೆ ಮೊದಲಿನಿಂದ ಮಲಗುತ್ತೇನೆ ಡಾಕ್ಟರ್."

"ಬೇಡ ಸಾರ್" ಎಂದಳು. ಆ 'ಬೇಡ'ದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ನನ್ನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ, ಒಪ್ಪಿಸಿ, ಅವಳು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ಕ್ಷಮಿಸಿ ಎಂದೆ. ಅವಳು ನನ್ನ ಊದಿದ ಮುಖ ನೋಡಿ, ತಡೆಯಲಾರದೆ ನಕ್ಕುಬಿಟ್ಟಳು. "ಮುಂದಿನವರನ್ನು ಆರಿಸುವಾಗ, ಬಾಸ್ ಬಂದರೆ ಏನು ಮಾಡುತ್ತೀರಿ ಅಂತಲೂ ಕೇಳುತ್ತೇನೆ" ಎಂದಳು.

ಕಾಲಿಗೆ ಬಲ ಬರುವವರೆಗೆ ಅಲ್ಲೇ ಇಟ್ಟುಕೊಂಡು, ನಡೆಸಿ ನೋಡಿ, ಮನೆಗೆ ಕಳಿಸಿದರು. ಶಾಖೆಯಲ್ಲಿ ಜೋಸ್ ಬಹಳ ಮರ್ಯಾದೆಯಿಂದ ಏನೂ ಕೇಳಲಿಲ್ಲ. ನಾನು ಬಂದಾಗ ನನ್ನ ಕುರ್ಚಿಯ ಬೆನ್ನನ್ನು ಹಿಂದಕ್ಕೆ ವಾಲಿಸಿ ಇಟ್ಟಿದ್ದ, ಅಷ್ಟೇ.

ಕೆಲವು ತಿಂಗಳು ಕಳೆದ ಮೇಲೆ ನೀತು ಫೋನ್ ಮಾಡಿದಳು. ದನಿಯಲ್ಲಿ ಉತ್ಸಾಹವಿತ್ತು. ಬದಲಿ ಸಿಕ್ಕಿದ್ದಾನಂತೆ. ಕಾಲೇಜು ಮುಗಿಸಿದ ಹುಡುಗ, ಯಾರು ಬಂದರೂ ಏಳುವುದಿಲ್ಲವಂತೆ.

"ನಿಮಗೆ ಒಂದು ಒಳ್ಳೆಯ ಸುದ್ದಿ ಇದೆ ಸಾರ್. ಮಲಗುವ ಮೊದಲು ತೆಗೆದ ನಿಮ್ಮ ರಕ್ತವನ್ನು ಉಳಿಸಿಕೊಳ್ಳುತ್ತಿದ್ದೇವೆ. ಸಾಮಾನ್ಯ ಮನುಷ್ಯ ಹೇಗಿರುತ್ತಾನೆ ಅಂತ ಹೋಲಿಸಿ ನೋಡುವುದಕ್ಕೆ ಬೇಕಲ್ಲ. ನಿಮ್ಮದು ಎಲ್ಲದರಲ್ಲೂ ಸರಿಯಾಗಿ ನಡುವೆ ಬರುತ್ತದೆ. ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಇಷ್ಟು ಸಾಮಾನ್ಯವಾದ ಮನುಷ್ಯ ನಮಗೆ ಬೇರೆ ಸಿಕ್ಕಿಲ್ಲ."

ಎದೆ ಉಬ್ಬಿತು. ಅಡುಗೆಮನೆಗೆ ಹೋಗಿ, ಸುಧಾ ಎದುರು ನಿಂತು, ನಾನು ಅಸಾಧಾರಣವಾಗಿ ಸಾಧಾರಣ ಮನುಷ್ಯ ಎಂಬುದು ವೈಜ್ಞಾನಿಕವಾಗಿ ಸಾಬೀತಾಗಿದೆ ಎಂದು ತಿಳಿಸಿದೆ.

ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಇಷ್ಟಕ್ಕೆ ರಕ್ತ ಬೇರೆ ಕೊಟ್ರಾ?" ಎಂದಳು. "ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."