‘ಇಲ್ಲ’ ಎನ್ನಿಸಿಕೊಳ್ಳಲು ಹೊರಟ ಭಾವ

೨೦೨೩ನೆಯ ಇಸವಿ, ನನಗಾಗ ನಲವತ್ತೊಂಬತ್ತು ವರ್ಷ. ಮನುಷ್ಯರು ಏನನ್ನಾದರೂ ಕೊಳ್ಳಲು ಅಂಗಡಿಗೆ ಹೋಗುತ್ತಾರೆಂದು ಅಲ್ಲಿಯವರೆಗೂ ನಂಬಿದ್ದೆ. ಆ ವರ್ಷ ಮೇಷ್ಟರ ಕೆಲಸ ಬಿಟ್ಟು, ಬಹರೈನಿನಲ್ಲಿ ಅಕ್ಕನ ಮನೆಯಲ್ಲಿ ಇಳಿದುಕೊಂಡ ಮೇಲೆಯೇ ಗೊತ್ತಾದದ್ದು: ನನ್ನ ಭಾವ ಅಂಗಡಿಗೆ ಹೋಗುವುದು ‘ಇಲ್ಲ’ ಎನ್ನಿಸಿಕೊಳ್ಳುವುದಕ್ಕೆ!

ನಂಬಿಕೆ ಬರುವುದಿಲ್ಲವೇ? ಹಾಗಾದರೆ ಜಿಂಜ್ ಬಡಾವಣೆಯ ಅಕ್ಕನ ಮನೆಯ ಹತ್ತಿರದ ಕೋಲ್ಡ್ ಸ್ಟೋರಿಗೆ ಬನ್ನಿ. ಹೆಸರು ಕೋಲ್ಡ್ ಸ್ಟೋರ್. ವಾಸ್ತವದಲ್ಲಿ ನಮ್ಮೂರಿನ ಗೂಡಂಗಡಿಯ ಶ್ರೀಮಂತ ದಾಯಾದಿ. ಗಿರಾಕಿಯು ಕಾರಿನಲ್ಲಿಯೇ ಕುಳಿತು ಹಾರ್ನ್ ಹೊಡೆದರೆ ಅಂಗಡಿಯಾತನೇ ಹೊರಗೆ ಬರುವುದು ಇಲ್ಲಿಯ ರಿವಾಜು. ಭಾವ ಹಾರ್ನ್ ಹೊಡೆದರು. ಮಲಯಾಳಿ ಅಂಗಡಿಯಾತ ಓಡಿ ಬಂದ.

“ಹಲಸಿನ ಹಪ್ಪಳ ಹೈ?”

“ವೋ ನಹೀ ಹೈ ಸಾಬ್. ಚಾವಲ್ ಕಾ ಪಾಪಡ್ ಹೈ, ಲಾವೂಂ?”

ಭಾವನ ಮುಖ ಅರಳಿತು. “ಪಾಸ್! ನೋಡಿದೆಯಾ? ಇಲ್ಲ ಅಂದ, ಆದರೆ ಅಕ್ಕಿ ಹಪ್ಪಳ ಉಂಟು ಅಂತಲೂ ಹೇಳಿದ.”

ಮುಂದಿನ ಓಣಿಯ ಅಂಗಡಿಯವನು ಮೊಬೈಲಿನಿಂದ ಕಣ್ಣೆತ್ತದೆ ಬೆರಳಷ್ಟೇ ಆಡಿಸಿದ. “ಫೇಲ್!” ಎಂದು ಭಾವ ಕಾರು ಹೊರಡಿಸಿದರು. ಇಂತಹ ಗಹನವಾದ ಸಂಶೋಧನೆ ಮುಗಿಸಿ ನಾವು ಮನೆ ತಲುಪಿದಾಗ ಅಕ್ಕ ಕೇಳಿದಳು: “ಹಾಲು ಎಲ್ಲಿ?”

ಈ ಹುಚ್ಚಿಗೆ ಸಂಬಳವೂ ಉಂಟೆಂದರೆ ನೀವು ನಕ್ಕೀರಿ. ಇಲ್ಲಿನ ಕೆಲವು ಕಂಪನಿಗಳು ಕಾರ್ಮಿಕರಿಗೆ ಆರೋಗ್ಯದ ಕಾರ್ಡ್ ಕೊಡುತ್ತವೆ. ಅದರಿಂದ ಮಾತ್ರೆ ಕೊಳ್ಳಬಹುದು, ಬ್ಯಾಂಡೇಜು ಕೊಳ್ಳಬಹುದು. ಚಾಕೊಲೇಟು, ಪೌಡರು ಕೂಡದು. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಅಂಗಡಿಯ ಬಿಲ್ಲಿಂಗ್ ಯಂತ್ರವೇ ವಿಂಗಡಿಸಬೇಕು. ಅದು ಸರಿಯಾಗಿ ವಿಂಗಡಿಸುತ್ತದೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದೇ ಭಾವನ ಉದ್ಯೋಗ. ಉಳಿದ ಪರೀಕ್ಷಕರು ಯಂತ್ರ ‘ಆಯಿತು’ ಎಂದೊಡನೆ ಸಹಿ ಹಾಕಿ ಎದ್ದು ಬರುತ್ತಿದ್ದರಂತೆ. ಭಾವನ ಸಿದ್ಧಾಂತವೇ ಬೇರೆ: “ಹೌದು ಹೇಳಲಿಕ್ಕೆ ಯಾರಿಗೂ ಬರ್ತದೆ ಮಾರಾಯ. ಇಲ್ಲ ಹೇಳುವಾಗಲೇ ಬಂಡವಾಳ ಗೊತ್ತಾಗುವುದು.”

ಕಚೇರಿಯ ಈ ಸಿದ್ಧಾಂತ ಊಟದ ಮೇಜಿಗೂ ಬರಬೇಕೇ? ಬಂದಿತು! ಒಮ್ಮೆ ನೆಂಟರೊಡನೆ ಊಟಕ್ಕೆ ಕುಳಿತಿದ್ದಾಗ ಭಾವ ನಮ್ಮ ಕಡೆಯ ಇಡ್ಲಿಯಂತಹ ಸನ್ನ ಇನ್ನೊಂದು ಕೇಳಿದರು.

“ಶುಗರ್ ಅಷ್ಟು ಉಂಟು, ಇನ್ನೆಂತ ಸನ್ನ ನಿಮಗೆ?” ಎಂದಳು ಅಕ್ಕ.

“ಫೇಲ್! ಗಿರಾಕಿಯ ಕಾಯಿಲೆಯನ್ನು ಎಲ್ಲರೆದುರು ಹೇಳಿದ್ದಕ್ಕೆ.”

“ಹೌದಾ? ಹಾಗಾದರೆ ಪಾತ್ರೆ ಎಲ್ಲ ಸಿಂಕಿನಲ್ಲಿ ಉಂಟು. ಅದರಲ್ಲಾದರೂ ನೀವು ಪಾಸಾಗಿ!”

ಭಾವನ ಮುಖ ಕಂಡರೆ ಕೌಂಟರಿನವರೆಲ್ಲ ಹಠಾತ್ತನೆ ವಿನಯಮೂರ್ತಿಗಳಾಗುತ್ತಿದ್ದರು. ಆದ್ದರಿಂದ ಸುಳ್ಳು ಗಿರಾಕಿಯ ಪಾತ್ರ ನನ್ನ ಪಾಲಿಗೆ ಬಂದಿತು. ಹೀಗೆ ನಾನು ಸಲ್ಮಾಬಾದಿನ ಹಮೀದಾಕರ ಔಷಧಿ ಅಂಗಡಿಯನ್ನು ಹೊಕ್ಕೆ. ಹಮೀದಾಕ, ಅಂದರೆ ಹಮೀದಣ್ಣ, ಉಳ್ಳಾಲದ ಕಡೆಯವರು. ನಾಲಗೆಯೂ ಹೃದಯವೂ ದೊಡ್ಡವು. ರಸ್ತೆಯಾಚೆ ದೊಡ್ಡ ಮಳಿಗೆಯೊಂದು ತೆರೆದಂದಿನಿಂದ ಅವರ ವ್ಯಾಪಾರ ಸೊರಗಿತ್ತು. ಪಕ್ಕದ ಕಾರ್ಖಾನೆಯು ತನ್ನ ಕಾರ್ಮಿಕರಿಗೆಲ್ಲ ಕಾರ್ಡ್ ಕೊಡುವುದರಲ್ಲಿತ್ತು. ಭಾವನ ಪ್ರಮಾಣಪತ್ರ ಸಿಕ್ಕಿದರೆ ಅಷ್ಟು ಗಿರಾಕಿಗಳೂ ಹಮೀದಾಕರಿಗೆ. ಸಿಕ್ಕದಿದ್ದರೆ ಅಂಗಡಿಗೆ ಬೀಗ.

ನಾನು ಕೆಮ್ಮಿನ ಔಷಧಿಯನ್ನೂ ತಲೆಗೆ ಹಚ್ಚುವ ಎಣ್ಣೆಯನ್ನೂ ಕೌಂಟರಿನ ಮೇಲಿಟ್ಟು ಪರೀಕ್ಷೆಯ ಕಾರ್ಡ್ ನೀಡಿದೆ. ಯಂತ್ರ ಔಷಧಿಯನ್ನು ಒಪ್ಪಿತು. ಎಣ್ಣೆಯ ಸರದಿ ಬಂದಾಗ ಹಡಗಿನ ಸೈರನ್ನಿನಂತೆ ಕೂಗಿಕೊಂಡಿತು! ಪರದೆಯೆಲ್ಲ ಕೆಂಪಾಗಿ, ‘ಅನುಮತಿ ಇಲ್ಲ’ ಎಂಬ ಅಕ್ಷರಗಳು ಸರತಿಯ ಕೊನೆಯವನಿಗೂ ಕಾಣುವಷ್ಟು ದಪ್ಪನಾಗಿ ಮೂಡಿದವು. ಜೀವನದಲ್ಲಿ ಮೊದಲ ಬಾರಿಗೆ ನಾನು ಎಣ್ಣೆ ಕದ್ದವನಂತೆ ನಿಂತೆ.

“ಫೇಲ್,” ಎಂದರು ಸರತಿಯ ಹಿಂದಿನಿಂದ ಮುಂದೆ ಬಂದ ಭಾವ.

“ಅಲ್ಲ ಸಾರ್, ಲೆಕ್ಕ ಸರಿ ಉಂಟಲ್ಲ?”

“ಲೆಕ್ಕ ಸರಿ ಹಮೀದಾಕ. ಇಲ್ಲ ಹೇಳುವ ಕ್ರಮ ಸರಿ ಇಲ್ಲ.”

“ಯಂತ್ರಕ್ಕೆ ಎಂತ ಕ್ರಮ ಮಾರಾಯ್ರೆ? ಅದೇನು ಮದುವೆಗೆ ಬಂದ ಅಳಿಯನಾ? ನಿಮ್ಮ ನಿಯಮದಲ್ಲಿ ಇದು ಉಂಟಾ?”

ಇರಲಿಲ್ಲ. ಭಾವನ ಮೇಲಧಿಕಾರಿಯೂ ಫೋನಿನಲ್ಲಿ ಅದನ್ನೇ ಹೇಳಿದರು. ಆದರೂ ಭಾವ ಸಹಿ ಹಾಕಲಿಲ್ಲ. ನನಗೂ ಇದು ಅತಿಯೆನಿಸಿತು. ಒಬ್ಬ ಮನುಷ್ಯನ ಅನ್ನದೊಡನೆ ಇಂತಹ ಆಟವೇ?

ಮುಂದಿನ ಭೇಟಿಯಲ್ಲಿ ನಮ್ಮ ಪರೀಕ್ಷೆ ಆರಂಭವಾಗುವ ಮೊದಲೇ ಕುಂಟುತ್ತ ಒಬ್ಬ ಕಾರ್ಮಿಕ ಬಂದ. ಪ್ರಯೋಗಕ್ಕೆಂದು ಕೆಲವರಿಗೆ ಮುಂಚಿತವಾಗಿಯೇ ಕಾರ್ಡ್ ಕೊಟ್ಟಿದ್ದರು, ಈತ ಅವರಲ್ಲೊಬ್ಬ. ಮೊಣಕಾಲಿನ ನೋವಿಗೆ ಮಾತ್ರೆ, ಜೊತೆಗೊಂದು ಪೌಡರಿನ ಡಬ್ಬಿ. ಪೌಡರಿಗೆ ಯಂತ್ರ ಕೂಗಿತು. ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಯಾರೋ ನಕ್ಕರು. ಆತ ಪೌಡರನ್ನು ಕೆಳಗಿಟ್ಟ. ಮಾತ್ರೆಯನ್ನೂ ಕೆಳಗಿಟ್ಟ.

“ಅರೇ ಭಾಯ್, ದವಾ ತೋ ಲೇ ಜಾವೋ!” ಮದ್ದನ್ನಾದರೂ ಕೊಂಡುಹೋಗೆಂದು ಹಮೀದಾಕ ಕೂಗಿದರು. “ಕಾರ್ಡ್ ಪೇ ಮಿಲೇಗಾ!”

“ಬಾದ್ ಮೇಂ,” ಆಮೇಲೆ ಎಂದವನೇ ಆತ ತಲೆಯೆತ್ತದೆ, ಬಿಸಿಲಿನಲ್ಲಿ ಕುಂಟುತ್ತ ಹೋಗಿಬಿಟ್ಟ.

ಭಾವ ಅಂದಿನ ಪರೀಕ್ಷೆಯ ಹಾಳೆಯನ್ನು ಮಡಚಿ ಜೇಬಿಗಿಟ್ಟರು. ಹಮೀದಾಕ ಕೌಂಟರಿನ ಮೇಲೆ ಉಳಿದ ಮಾತ್ರೆಯ ಪೊಟ್ಟಣವನ್ನು ನೋಡಿದರು. ಅನಂತರ ಯಂತ್ರದ ಕಂಪನಿಗೆ ತಾವಾಗಿಯೇ ಫೋನು ಹಚ್ಚಿ, “ನಿಮ್ಮ ಈ ಕೂಗುವ ಕೋಳಿಯ ಕೊರಳು ಮುರಿಯಿರಿ ಮೊದಲು!” ಎಂದು ಗರ್ಜಿಸಿದರು.

ಕೋಳಿ ಸುಮ್ಮನಾಗಲು ಕೆಲವು ವಾರಗಳೇ ಹಿಡಿದವು. ಕೊನೆಯ ಪರೀಕ್ಷೆಯ ದಿನ ನಕಲಿ ಗಿರಾಕಿ ಬೇಡವೆಂದರು ಭಾವ. ಹಮೀದಾಕ ಕಾರ್ಮಿಕರ ವಸತಿಗಳನ್ನೆಲ್ಲ ಸುತ್ತಿ, ಅದೇ ಮನುಷ್ಯನನ್ನು ಹುಡುಕಿ ಹೇಳಿ ಬಂದಿದ್ದರು. ಆತ ಬಂದ, ಅದೇ ಮಾತ್ರೆ, ಅದೇ ಪೌಡರು. ಈ ಬಾರಿ ಸದ್ದಿಲ್ಲ. ಅವನ ಕಡೆಗಷ್ಟೇ ತಿರುಗಿದ್ದ ಪುಟ್ಟ ಪರದೆಯ ಮೇಲೆ ಹಿಂದಿಯಲ್ಲಿ ಎರಡು ಸಾಲು: ಔಷಧಿ ಕಾರ್ಡಿನಲ್ಲಿ ಆಯಿತು, ಪೌಡರಿಗೆ ನಗದು ಕೊಡಬಹುದು, ಇಲ್ಲವೇ ಬಿಡಬಹುದು. ಆತ ಓದಿದ, ಡಬ್ಬಿಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದ. ಸರತಿಯಲ್ಲಿ ಯಾರೂ ತಿರುಗಲಿಲ್ಲ.

ಆತ ಹೊರಡಲೂ ಇಲ್ಲ. ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, ನಿಧಾನವಾಗಿ ತಲೆಯೆತ್ತಿ ಕೇಳಿದ: “ಖಾನೇ ಕೇ ಪೆಹಲೇ, ಯಾ ಬಾದ್?”

ಊಟಕ್ಕೆ ಮೊದಲೋ, ಅನಂತರವೋ? ಅವಮಾನಗೊಂಡವನು ಇದನ್ನು ಕೇಳಲು ನಿಲ್ಲುವುದಿಲ್ಲ.

“ಬಾದ್ ಮೇಂ ಭಾಯ್, ಪೇಟ್ ಭರ್ ಕೇ,” ಹೊಟ್ಟೆ ತುಂಬ ಉಂಡ ಮೇಲೆ, ಎಂದರು ಹಮೀದಾಕ. ಅವರ ದೊಡ್ಡ ಗಂಟಲು ಅಷ್ಟು ಮೆತ್ತಗಾದದ್ದನ್ನು ನಾನು ಕಂಡಿರಲಿಲ್ಲ.

ಭಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಅನಂತರ ಪ್ರಮಾಣಪತ್ರಕ್ಕೆ ಸಹಿ ಹಾಕಿ, ಅದರ ಕೆಳಗೆ ದಿನಾಂಕ ಬರೆದರು: ೨೦೨೩ನೆಯ ಇಸವಿ ನವೆಂಬರ್ ಏಳು, ಮಂಗಳವಾರ.