ಚಿಕ್ಕಪ್ಪನ ಕುಪ್ಪಳಿಸುವ ಹೆಣಗಳು

ಕುಪ್ಪಳಿಸುತ್ತಾ ನಡೆಯುವ ಚೀನಾದ ಹೆಣಗಳ ಬಗ್ಗೆ ನಿಮಗೇನಾದರೂ ಅನುಮಾನವಿದ್ದರೆ ಚೀನಾಕ್ಕೆ ಹೋಗಬೇಕಾಗಿಲ್ಲ, ಕೊಟ್ಟೂರಿಗೆ ಬಂದರೆ ಸಾಕು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಮ್ಮ ಚಿಕ್ಕಪ್ಪ ಕೂತಿರುತ್ತಾನೆ. ನಿಮ್ಮ ಆಧಾರ್ ಕಾರ್ಡಿನ ಎರಡೂ ಬದಿಯನ್ನು ಒಂದೇ ಹಾಳೆಗೆ ಇಳಿಸುತ್ತಾ, ಆ ಹೆಣಗಳು ಮಂಡಿ ಯಾಕೆ ಮಡಚುವುದಿಲ್ಲ, ಕಣ್ಣು ಕಾಣದಿದ್ದರೂ ಮನುಷ್ಯರನ್ನು ಹೇಗೆ ಪತ್ತೆ ಹಚ್ಚುತ್ತವೆ, ಎದುರಾದಾಗ ನಾವು ಉಸಿರು ಹಿಡಿದು ನಿಲ್ಲಬೇಕಾದದ್ದು ಯಾಕೆ ಎಂಬುದನ್ನೆಲ್ಲ ಬಿಡಿಸಿ ಹೇಳುತ್ತಾನೆ. ಪಹಣಿ ನಕಲಿಗೆಂದು ಒಳಗೆ ಹೋದವರು ಉಸಿರು ಹಿಡಿದುಕೊಂಡೇ ಹೊರಗೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಈ ಪಾಂಡಿತ್ಯ ಅವನಿಗೆ ಬಂದ ದಾರಿಯೂ ವಿಚಿತ್ರವೇ. ಹರಪನಹಳ್ಳಿ ಕಡೆಯ ಯಾರೋ ಗಿರಾಕಿ ಮೊಬೈಲಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕಳಿಸಿ, ಪ್ರಿಂಟ್ ತೆಗೆದಿಡಿ, ಸಂಜೆ ಬರುತ್ತೇನೆ ಎಂದನಂತೆ. ಆ ಸಂಜೆ ಇವತ್ತಿಗೂ ಆಗಿಲ್ಲ. ಖರ್ಚಾದ ಇಂಕಿನ ಸಂಕಟಕ್ಕೆ ಚಿಕ್ಕಪ್ಪ ಅದನ್ನು ಮೊಬೈಲಿನಲ್ಲೇ ಅನುವಾದ ಮಾಡಿಕೊಂಡು ಓದತೊಡಗಿದ. ಓದಿದರೆ ಅದೊಂದು ಆಟದ ಪುಸ್ತಕ. ಮೇಜಿನ ಸುತ್ತ ಕೂತು, ಒಬ್ಬ ಕಥೆ ಕಟ್ಟಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಮುಂದೇನಾಗುತ್ತದೆ ಎಂದು ದಾಳ ಹಾಕಿ ತೀರ್ಮಾನಿಸಬೇಕು. ಚೀನಾ, ಜಪಾನ್, ಕೊರಿಯಾ ಕಡೆಯ ಜನಪದ ಕಥೆಗಳಲ್ಲಿ ಬರುವ ರಕ್ತಪಿಶಾಚಿಗಳೆಲ್ಲ ಅದರಲ್ಲಿದ್ದವು.

ತೊಂದರೆ ಒಂದೇ. ಅದು ಬರೀ ಅನುಬಂಧ. ಆಡುವುದು ಹೇಗೆ ಎಂಬುದು ಮೂಲ ಪುಸ್ತಕದಲ್ಲಿದೆ. ಪುಟಪುಟಕ್ಕೂ 'ಮೂಲ ಪುಸ್ತಕ ನೋಡಿ' ಎಂದು ಬರೆದಿದೆ. ಆ ಮೂಲ ಪುಸ್ತಕ ಯಾರ ಹತ್ತಿರ ಇದೆ? ಬಾರದ ಗಿರಾಕಿಯ ಹತ್ತಿರ! ಬೇರೆ ಯಾರಾದರೂ ಆಗಿದ್ದರೆ ಹಾಳೆಗಳನ್ನು ಮಿರ್ಚಿ ಅಂಗಡಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಚಿಕ್ಕಪ್ಪ ಅಜ್ಜಿಯ ಚೌಕಾಬಾರದ ಕವಡೆಗಳನ್ನು ಎತ್ತಿಕೊಂಡು ಬಂದು, ಉಳಿದ ನಿಯಮಗಳನ್ನು ತಾನೇ ಮಾಡಿದ.

ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ಆಟ ಶುರುವಾಯಿತು. ಆಡುವವರು ನಾವು ಮೂವರು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಚಿಕ್ಕಪ್ಪನ ಗೆಳೆಯನಾದ ಒಬ್ಬ ನಿವೃತ್ತ ಬಸ್ ಕಂಡಕ್ಟರು, ಮತ್ತು ತನ್ನ ಕವಡೆಗಳ ಮೇಲೆ ಕಣ್ಣಿಡಲು ಬಂದು ಅಲ್ಲೇ ಉಳಿದುಬಿಟ್ಟ ನಮ್ಮ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ. ವಾರವಿಡೀ ಮಕ್ಕಳಿಗೆ ಮೂಢನಂಬಿಕೆ ತಪ್ಪು ಎಂದು ಪಾಠ ಹೇಳಿ, ಭಾನುವಾರ ಬಂದು ರಕ್ತ ಹೀರುವವನಾಗುತ್ತಿದ್ದೆ. ಸರ್ಕಾರಿ ಸಂಬಳ ತಿನ್ನುವವನಿಗೆ ಇದು ಶೋಭೆಯೇ?

ಇನ್ನೂ ನಗಿಸುವ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮ ಈಗಿಲ್ಲ. ಹಡಗಲಿ ತಾಲ್ಲೂಕಿನ ಇಟ್ಟಿಗಿಯವಳು, ತವರಿನಿಂದ ಬರುವಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಸುತ್ತಿಕೊಂಡು ಬಂದು ಬೀದಿಗೆಲ್ಲ ಹಂಚುತ್ತಿದ್ದವಳು. ಊರೂರೇ ಬಾಗಿಲು ಹಾಕಿಕೊಂಡಿದ್ದ ಆ ರೋಗದ ವರ್ಷ ಅವಳನ್ನು ಹೆದ್ದಾರಿಗುಂಟ ದೂರದ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದ್ದೆವು. ಅಲ್ಲೇ ತೀರಿಕೊಂಡಳು. ಆಗಿನ ನಿಯಮದಂತೆ ಅಲ್ಲೇ ಮಣ್ಣು ಮಾಡಿದರು. ಚಿಕ್ಕಪ್ಪ ಗೇಟಿನ ಹೊರಗೆ ನಿಂತು ನೋಡಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಉದ್ದಕ್ಕೆ ಮಲಗಿಸಿ ಇಳಿಸಿದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಕೂಡಲೇ, ಮೈ ಸೆಟೆದುಕೊಳ್ಳುವ ಮುಂಚೆ, ಕಾಲು ಮಡಚಿ ಗೋಡೆಗೆ ಆನಿಸಿ ಕೂರಿಸುತ್ತೇವೆ. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ಕೂತಂತೆಯೇ ಮಣ್ಣಿಗೆ ಇಳಿಸಿ, ಮೇಲೆ ಗದ್ದಿಗೆ ಕಟ್ಟಿ, ವರ್ಷಕ್ಕೊಮ್ಮೆ ಎಡೆ ಹಿಡಿಯುತ್ತೇವೆ. ಚಿಕ್ಕಮ್ಮನಿಗೆ ಇದೊಂದೂ ಆಗಲಿಲ್ಲ. ಅಲ್ಲಿಂದ ಒಂದು ಹಿಡಿ ಮಣ್ಣಾದರೂ ತಂದು ನಮ್ಮ ಹೊಲದಲ್ಲಿ ಗದ್ದಿಗೆ ಮಾಡು, ನಾನು ಕಣ್ಣು ಮುಚ್ಚುವುದರೊಳಗೆ ಸೊಸೆಗೆ ಒಂದು ಎಡೆ ಹಿಡಿಯಬೇಕು ಎಂದು ಅಜ್ಜಿ ಗೋಗರೆಯುತ್ತಲೇ ಇದ್ದಳು. ಚಿಕ್ಕಪ್ಪನದು ಒಂದೇ ಉತ್ತರ.

"ಮಣ್ಣು ತಂದ್ರ ಆಕಿ ಬಂದಂಗ ಆತೇನವ್ವಾ? ಆಕೀನ ಮಲಗಿಸ್ಯಾರ."

ಇಂಥವನ ಕೈಗೆ ಇಂಥ ಪುಸ್ತಕ ಸಿಕ್ಕಿತ್ತು. ಅದರಲ್ಲಿ ರಾತ್ರಿ ಕತ್ತಿನಿಂದ ಕಳಚಿಕೊಂಡು ಹಾರಾಡುವ ತಲೆಗಳಿದ್ದವು. ಅವುಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವನಿಗೆ ಹಿಡಿಸಿದ್ದು ಒಬ್ಬ ಪೂಜಾರಿ. ಪರವೂರಿನಲ್ಲಿ ಸತ್ತವರನ್ನು ಹುಟ್ಟೂರಿಗೆ ಕರೆದುಕೊಂಡು ಹೋಗುವುದೇ ಆ ಪೂಜಾರಿಯ ಕೆಲಸ. ಹೆಣದ ಹಣೆಗೆ ಮಂತ್ರ ಬರೆದ ಹಳದಿ ಕಾಗದ ಅಂಟಿಸಿ, ಗಂಟೆ ಬಾರಿಸುತ್ತಾ ಮುಂದೆ ನಡೆಯುತ್ತಾನೆ. ಹೆಣಗಳು ಸೆಟೆದ ಕಾಲಿನಲ್ಲಿ ಕುಪ್ಪಳಿಸುತ್ತಾ ಅವನ ಹಿಂದೆ ಬರುತ್ತವೆ. ಕಾಗದ ಹಾರಿಹೋದರೆ ಮಾತ್ರ ಕೆಟ್ಟಿತು, ಹೆಣ ಪಿಶಾಚಿಯಾಗಿ ಜನರ ಮೇಲೆ ಬೀಳುತ್ತದೆ. ಚಿಕ್ಕಪ್ಪ ಆ ಪೂಜಾರಿಯ ಪಾತ್ರವನ್ನು ತಾನೇ ಇಟ್ಟುಕೊಂಡ. ಹೆಣಗಳ ಸಾಲನ್ನು ಆ ದೊಡ್ಡ ಊರಿನಿಂದ ಹೊರಡಿಸಿ ಹೆದ್ದಾರಿ ಹಿಡಿಸಿದ. ಯಾರ ಹೆಣಗಳು ಎಂದು ನಾವು ಯಾರೂ ಕೇಳಲಿಲ್ಲ.

ಕಾಗದದ ವಿಷಯಕ್ಕೆ ಮೊದಲ ತಕರಾರು ತೆಗೆದವಳು ಅಜ್ಜಿ. ಹಣೆಗೆ ಕಾಗದ ಯಾಕೆ, ಆ ದೇಶದಲ್ಲಿ ವಿಭೂತಿ ಸಿಗುವುದಿಲ್ಲವೇ ಎಂದು ಕೇಳಿದಳು. ಮುಂದಿನ ವಾರದಿಂದ ಚೀನಾದ ಹೆಣಗಳೆಲ್ಲ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಬಂದವು! ಇನ್ನು ಪಿಶಾಚಿಯನ್ನು ತಡೆಯಲು ಪುಸ್ತಕದಲ್ಲಿ ಹೇಳಿದ್ದು ಅಂಟಿನ ಅಕ್ಕಿ. ಅದು ಕೊಟ್ಟೂರಿನ ಯಾವ ಕಿರಾಣಿ ಅಂಗಡಿಯಲ್ಲೂ ಸಿಗದೆ, ಚಿಕ್ಕಪ್ಪ ಮಂಡಕ್ಕಿಗೆ ಒಪ್ಪಿದ. ಮೇಜಿನ ಮೇಲೆ ಮಂಡಕ್ಕಿಯ ಗೆರೆ ಎಳೆದು, ಇದನ್ನು ದಾಟಿ ಯಾವ ಪಿಶಾಚಿಯೂ ಬರಲಾರದು ಎಂದು ಘೋಷಿಸಿ ಕವಡೆ ಕುಲುಕಿದ. ಕವಡೆ ಬೀಳುವಷ್ಟರಲ್ಲಿ ನಮ್ಮ ಕಂಡಕ್ಟರು ಮಿರ್ಚಿಯ ಜೊತೆ ಅರ್ಧ ಕೋಟೆಯನ್ನು ತಿಂದು ಮುಗಿಸಿದ್ದ. ಅವತ್ತು ಎರಡು ಊರು ನಾಶವಾದವು.

ಕಂಡಕ್ಟರಿಗೆ ಕಥೆಗಿಂತ ಸಾರಿಗೆ ವ್ಯವಸ್ಥೆಯದೇ ಚಿಂತೆ. ಇಷ್ಟು ದೂರ ಕುಪ್ಪಳಿಸುವ ಬದಲು ಬಸ್ಸು ಹತ್ತಿಸಬಾರದೇ ಎಂದು ಒಮ್ಮೆ ಕೇಳಿದ. ಮಂಡಿ ಮಡಚದ ಹೆಣ ಸೀಟಿನಲ್ಲಿ ಕೂರುವುದು ಹೇಗೆ ಎಂದು ನಾನು ತರ್ಕ ಹೂಡಿದೆ. ನಿಂತವರಿಗೂ ಟಿಕೆಟ್ ಉಂಟು ಎಂದು ಅವನು ಪಟ್ಟು ಹಿಡಿದ. ಹೆಣದ್ದು ಪೂರ್ತಿಯೋ ಅರ್ಧವೋ ಎಂಬ ಚರ್ಚೆ ಸುಮಾರು ಹೊತ್ತು ನಡೆಯಿತು. ಕೊನೆಗೆ ಅವನೇ ಕಾನೂನು ಹೇಳಿದ. "ಹೆಣ್ಣು ಹೆಣ ಆಗಿದ್ರ ಫ್ರೀ ಐತಿ ಬಿಡ್ರಿ. ಆದ್ರ ಆಧಾರ್ ಕಾರ್ಡ್ ತೋರಸ್ಬೇಕು."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಚಿಕ್ಕಪ್ಪ ಮಾತ್ರ ಹಾಳೆ ತಿರುವುತ್ತಾ, "ಕಾರ್ಡು ನನ್ನ ಕಡೆ ಐತಿ" ಎಂದ. ಹೆಂಗಸರಿಗೆ ಬಸ್ಸು ಉಚಿತವಾಗುವ ಮುಂಚೆಯೇ ಚಿಕ್ಕಮ್ಮ ಹೋಗಿದ್ದಳು. ಅವತ್ತಿನ ಆಟ ಬೇಗ ಮುಗಿಯಿತು. ಮಿರ್ಚಿ ಹಾಗೆಯೇ ಉಳಿದಿತ್ತು.

ಆಮೇಲಾಮೇಲೆ ಒಂದು ವಿಚಿತ್ರ ಗಮನಿಸಿದೆ. ಹೆಣಗಳ ಸಾಲು ಕಾನಹೊಸಹಳ್ಳಿಯವರೆಗೆ ಬರುತ್ತಿತ್ತು. ಹೆದ್ದಾರಿ ಬಿಟ್ಟು ನಮ್ಮೂರ ಕಡೆ ತಿರುಗಬೇಕು, ಅಷ್ಟರಲ್ಲಿ ಚಿಕ್ಕಪ್ಪ ಕವಡೆ ಎತ್ತಿಡುತ್ತಿದ್ದ. ಮುಂದಿನ ವಾರವೂ ಕಾನಹೊಸಹಳ್ಳಿಯೇ. ಮಳೆಗಾಲ ಹೋಗಿ ಚಳಿ ಬಂದರೂ ಆ ಬಡ ಹೆಣಗಳು ಅಲ್ಲಿನ ಬಸ್ ನಿಲ್ದಾಣದಲ್ಲೇ ನಿಂತಿದ್ದವು. ನನಗೆ ನಿಜಕ್ಕೂ ಬೇಸರವಾಗತೊಡಗಿತು. ಆಟಕ್ಕೆಂದು ಹೋಗಿ, ಸಾವಿನ ಮನೆಯಿಂದ ಎದ್ದು ಬಂದವನಂತೆ ಬರುತ್ತಿದ್ದೆ. ಹೋಗದೆ ಇರೋಣವೆಂದರೆ, ಚಿಕ್ಕಪ್ಪ ಒಬ್ಬನೇ ಅರ್ಧ ಶಟರಿನ ಒಳಗೆ ಕೂತಿರುತ್ತಾನಲ್ಲ ಎಂಬ ಸಂಕಟ.

ಒಂದು ಭಾನುವಾರ ಅಜ್ಜಿಗೇ ತಾಳ್ಮೆ ಮೀರಿತು. ಹೆಣಗಳು ಮುಂದಕ್ಕೆ ಯಾಕೆ ಬರುತ್ತಿಲ್ಲ ಎಂದು ಕೇಳಿಯೇ ಬಿಟ್ಟಳು. ಚಿಕ್ಕಪ್ಪ ಪುಸ್ತಕದ ಒಂದು ಪುಟ ತೆಗೆದು ನನ್ನ ಮುಂದೆ ತಳ್ಳಿದ. ಮುಟ್ಟಿ ಮುಟ್ಟಿ ಅಂಚು ಮೆತ್ತಗಾಗಿದ್ದ ಹಾಳೆ. ಊರು ಮುಟ್ಟಿದ ಹೆಣವನ್ನು ಮಣ್ಣು ಮಾಡುವ ವಿಧಾನಕ್ಕೆ ಮೂಲ ಪುಸ್ತಕ ನೋಡಿ ಎಂದು ಅದರಲ್ಲಿತ್ತು.

"ಮಂಡಿ ಮಡಚೋದು ಹೆಂಗಂತ ಇದರಾಗ ಎಲ್ಲೂ ಇಲ್ಲವ್ವಾ" ಎಂದ ಚಿಕ್ಕಪ್ಪ. "ಸೆಟದು ಭಾಳ ದಿನ ಆತು. ಊರತನಕ ಕರಕೊಂಡು ಬಂದು, ಕುಂದ್ರಸಾಕ ಆಗಲಿಲ್ಲ ಅಂದ್ರ ಏನು ಮಾಡ್ಲಿ?"

ಕಂಡಕ್ಟರು ಮಂಡಕ್ಕಿ ಹಿಡಿದ ಕೈಯನ್ನು ಕೆಳಗಿಳಿಸಿದ. ಸೆಟೆದ ಮೈ ಎಷ್ಟು ಹೊತ್ತಿಗೆ ಸಡಿಲಾಗುತ್ತದೆ ಎಂಬುದು ವಿಜ್ಞಾನದ ಮಾಸ್ತರನಾದ ನನಗೆ ಗೊತ್ತಿತ್ತು. ಅದು ಉತ್ತರವಲ್ಲ ಎಂಬುದೂ ಗೊತ್ತಿತ್ತು.

ಅಜ್ಜಿ ಕೈ ಚಾಚಿ ಕವಡೆ ಇಸಿದುಕೊಂಡಳು. ಆದರೆ ಹಾಕಲಿಲ್ಲ, ಮುಷ್ಟಿಯಲ್ಲೇ ಹಿಡಿದಳು. "ಆ ಪುಸ್ತಕ ಬ್ಯಾಡ. ನಾ ಅದೀನಲ್ಲ, ಆಕಿ ಅತ್ತಿ" ಎಂದಳು. ಆಮೇಲೆ ಮೇಜಿನ ಆಚೆಯ ಖಾಲಿ ಸ್ಟೂಲಿನ ಕಡೆ ತಿರುಗಿ, ಹೊರಗಿನಿಂದ ಬಂದ ಸೊಸೆಯನ್ನು ಮಾತಾಡಿಸುವ ದನಿಯಲ್ಲೇ ಹೇಳಿದಳು. "ಭಾಳ ದೂರ ನಡದು ಬಂದೀದಿ. ಕುಂದ್ರವ್ವಾ."

ಚಿಕ್ಕಪ್ಪ ಆ ಸ್ಟೂಲನ್ನೇ ನೋಡುತ್ತಿದ್ದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಆಸ್ಪತ್ರೆಯ ಗೇಟಿನಲ್ಲೂ ಅಳದವನು, ಜೆರಾಕ್ಸ್ ಮಷೀನಿಗೆ ಒರಗಿ ಮಗುವಿನ ಹಾಗೆ ಅತ್ತ. ನಮಗೂ ತಡೆಯಲಾಗಲಿಲ್ಲ.

ಮರುದಿನ ಅಂಗಡಿ ತೆರೆಯಲಿಲ್ಲ. ಚಿಕ್ಕಪ್ಪ ಕಂಡಕ್ಟರನ್ನು ಜೊತೆಗೆ ಕರೆದುಕೊಂಡು ಆ ದೊಡ್ಡ ಊರಿಗೆ ಹೋಗಿ, ಚಿಕ್ಕಮ್ಮನ ತಲೆಯ ಕಡೆಯ ಮಣ್ಣನ್ನು ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡ. ಗಂಟಿಗೆ ವಿಭೂತಿ ಹಚ್ಚಿ, ಮೇಲೊಂದು ಮೊಳ ಮಲ್ಲಿಗೆ ಸುತ್ತಿದ. ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನ ಮೇಲಿಟ್ಟು, ಟಿಕೆಟ್ ಕೊಡಲು ಬಂದವನಿಗೆ ಚಿಕ್ಕಮ್ಮನ ಆಧಾರ್ ಕಾರ್ಡು ತೋರಿಸಿದನಂತೆ. ಇವರು ಎಲ್ಲಿ ಎಂದು ಅವನು ಕೇಳಿದ್ದಕ್ಕೆ ನಮ್ಮ ಕಂಡಕ್ಟರು, "ಅದಾಳಪ್ಪ, ಕೊಡು" ಎಂದನಂತೆ. ಅವನು ಗಂಟನ್ನೂ ಹೂವನ್ನೂ ನೋಡಿ, ಮತ್ತೇನೂ ಕೇಳದೆ ಟಿಕೆಟ್ ಹರಿದು ಕೊಟ್ಟನಂತೆ. ಕಾನಹೊಸಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಚಿಕ್ಕಪ್ಪ ಗಂಟನ್ನು ಎದೆಗವಚಿಕೊಂಡು ಇಳಿದು, ಕೊಟ್ಟೂರಿನ ಬಸ್ಸು ಹತ್ತಿದನಂತೆ.

ಸಂಜೆ ಅಜ್ಜಿ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ಚಿಕ್ಕಪ್ಪ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೆ ನಿಂತ. ಏನೂ ತೊಂದರೆ ಆಗಲಿಲ್ಲವಷ್ಟೇ ಎಂದು ಅವಳು ಕೇಳಿದಳು.

"ಇಲ್ಲವ್ವಾ" ಎಂದ ಚಿಕ್ಕಪ್ಪ. "ಕಿಡಕಿ ಕಡಿ ಸೀಟಿನ್ಯಾಗ ಕುಂತು ಬಂದ್ಲು."