ಮುನಿಯಪ್ಪನ ಮೂರನೆಯ ಹೂ

ಚಿಕ್ಕಣ್ಣ ಮೇಷ್ಟ್ರ ಗ್ರಹಚಾರ ಶುರುವಾದದ್ದು ಒಂದು ಹಾಳೆಯಿಂದ. ಸರಕಾರಿ ಶಾಲೆಯ ಆಟೋಟದಲ್ಲಿ ಪೂಜೆ, ಪ್ರಾರ್ಥನೆ, ಕಾಯಿ ಒಡೆಯುವುದು ಯಾವುದೂ ಕೂಡದು ಎಂಬ ಆದೇಶ ಅದು. ಅದನ್ನು ಹೊತ್ತು ತಂದ ಜೀಪಿನ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ಅದರ ಮಾತು ಬೇರೆ. ದೊಡ್ಡವರ ದೇವರಿಗೆ ಪರ್ಮಿಟ್ ಇರುತ್ತದೆ.

ಕೊಳತ್ತೂರಿನ ಪಕ್ಕದ ಹಳ್ಳಿಯ ಹೈಸ್ಕೂಲಿನಲ್ಲಿ ಚಿಕ್ಕಣ್ಣ ಟೆಂಪರರಿ ಡ್ರಿಲ್ ಮಾಸ್ಟರು. ಅವನು ಸೇರಿದ ಮೂರು ವರ್ಷವೂ ಹುಡುಗಿಯರ ಕಬಡ್ಡಿ ಟೀಮು ಸೋತು ಬಂದಿತ್ತು. "ಈ ಸಲ ಓಮಲೂರ ಮ್ಯಾಚಲ್ಲಿ ಗೆದ್ರೆ ನಿಮ್ಮ ಕೆಲ್ಸ ಉಳೀತು. ಇಲ್ದಿದ್ರೆ ಸೋಮವಾರ ಬರಬೇಡಿ," ಎಂದಿದ್ದರು ಹೆಡ್‌ಮಾಸ್ಟರು.

ಮ್ಯಾಚಿನ ದಿನ ಬೆಳಗ್ಗೆ ಎಂಟಕ್ಕೆ ವ್ಯಾನು ಬಂತು. ಹುಡುಗಿಯರು ಹತ್ತಲಿಲ್ಲ. ಕ್ಯಾಪ್ಟನ್ ಪೂಂಗೊಡಿ ಕೈಕಟ್ಟಿ ನಿಂತಳು.

"ಮುನಿಯಪ್ಪನ್ನ ಹೂ ಕೇಳ್ದೆ ನಾವು ಬರಲ್ಲ ಸಾರ್."

"ಆರ್ಡರ್ ಐತೆ ಕಣಮ್ಮ! ಶಾಲೇಲಿ ಪೂಜೆ ಕೂಡದು!"

"ಮುನಿಯಪ್ಪ ಶಾಲೇಲಿ ಎಲ್ಲವ್ನೆ ಸಾರ್? ಗೇಟಿನಾಚೆ ಉಣಸೆಮರದಡಿ ಅವ್ನೆ!"

ವಕೀಲರೂ ಬಾಯಿ ಮುಚ್ಚಬೇಕಾದ ಮಾತು. ಚಿಕ್ಕಣ್ಣ ಗೇಟು ದಾಟಿ ಮರದತ್ತ ನಡೆದ.

ಹೂ ಕೇಳುವುದೆಂದರೆ, ಒಂದು ಎಲೆ ಪೊಟ್ಟಣದಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಕಟ್ಟಿ ಸ್ವಾಮಿಯ ಮುಂದಿಟ್ಟು, ಪ್ರಶ್ನೆ ಕೇಳಿ ಒಂದನ್ನು ಎತ್ತುವುದು. ಬಿಳಿ ಬಂದರೆ ಹೌದು, ಕೆಂಪು ಬಂದರೆ ಇಲ್ಲ. ಹೀಗೆ ಮೂರು ಪ್ರಶ್ನೆ, ಮೂರು ಜೋಡಿ ಪೊಟ್ಟಣ. ಎತ್ತದೆ ಉಳಿದ ಪೊಟ್ಟಣವನ್ನು ಯಾರೂ ಬಿಚ್ಚುವಂತಿಲ್ಲ.

ಒಂದೇ ಒಂದು ಕೆಂಪು ಬಂದರೂ ಹುಡುಗಿಯರು ವ್ಯಾನು ಹತ್ತುವುದಿಲ್ಲ, ಕೆಲಸ ಹೋಯಿತು! ಚಿಕ್ಕಣ್ಣ ಪೊಟ್ಟಣ ಕಟ್ಟುವ ಸೇವೆ ತನಗೇ ಇರಲೆಂದು ಮರದ ಹಿಂದೆ ಕೂತ. ಆರಕ್ಕೆ ಆರರಲ್ಲೂ ಬಿಳಿಯನ್ನೇ ತುಂಬಿದ. ಎಮ್ಮೆ ಮಾರಿ ಬಂದ ದಲ್ಲಾಳಿಯ ಹಾಗೆ ಮೀಸೆಯಲ್ಲೇ ನಗುತ್ತಾ ಬಂದ.

ಪೂಂಗೊಡಿಯ ಅಜ್ಜಿ ಸಿದ್ದಲಕ್ಷ್ಮಮ್ಮ ಮುನಿಯಪ್ಪನ ಕಲ್ಲಿನ ಮುಂದೆ ಕೂತಳು. ಊರಲ್ಲಿ ಹೂ ಕೇಳುವವಳು ಅವಳೇ.

"ಸಾಮೀ, ಮಕ್ಕಳು ಆಟಕ್ಕೆ ಓಗಬೌದಾ?" ಬಿಳಿ.

"ಗೆದ್ದು ಬತ್ತಾರಾ?" ಬಿಳಿ.

ಹುಡುಗಿಯರು ಕುಣಿದರು. ಚಿಕ್ಕಣ್ಣ ಎತ್ತದೆ ಉಳಿದ ಎರಡು ಪೊಟ್ಟಣಗಳನ್ನು ಪ್ಯಾಂಟಿನ ಜೇಬಿಗಿಳಿಸಿ, "ಸರಿ, ಸೀಕ್ರಂ, ಬೇಗ ವ್ಯಾನ್ ಹತ್ರಿ!" ಎಂದ.

"ಇರಪ್ಪಾ ಮೇಷ್ಟ್ರೇ, ಇನ್ನೊಂದು ಕೇಳಾದೈತೆ," ಎಂದು ಅಜ್ಜಿ ಕಲ್ಲಿಗೆ ತಿರುಗಿದಳು. "ಸಾಮೀ, ಮೂರು ವರ್ಸ ಸೋತಿದ್ದು ಈ ಮೇಷ್ಟ್ರ ಕಾಲ್ಗುಣದಿಂದ್ಲಾ? ಇವ್ನನ್ನ ಇಲ್ಲೇ ಬುಟ್ಟು, ವಾಚ್‌ಮನ್ ಪೊನ್ನುಸ್ವಾಮೀನ ಕಳಿಸಾದಾ?"

ಅಜ್ಜಿ ಕೊನೆಯ ಜೋಡಿಯಿಂದ ಒಂದನ್ನು ಎತ್ತಿ ಬಿಚ್ಚಿದಳು. ಬಿಳಿ!

"ಅಜ್ಜೀ, ಅದು ಲೆಕ್ಕಕ್ಕಿಲ್ಲ! ಆ ಪೊಟ್ಟಣ..."

"ಪೊಟ್ಟಣಕ್ಕೇನಾಗೈತೆ?" ಸುತ್ತ ನೆರೆದಿದ್ದ ಇಡೀ ಊರು ಅವನತ್ತ ತಿರುಗಿತು. ಬೀಡಿ ಸೇದುತ್ತಿದ್ದ ವ್ಯಾನ್ ಡ್ರೈವರ್ ಕೂಡ.

"ಏನೂ ಇಲ್ಲ... ಚೆನ್ನಾಗಿ ಕಟ್ಟಿದೀನಿ."

"ನೀನೇ ಕಟ್ಟಿದ್ದಲ್ಲಾ? ಮತ್ತೆ?"

ಪೊನ್ನುಸ್ವಾಮಿ ಮೇಷ್ಟ್ರ ಕೊರಳಿನಿಂದ ವಿಶಲ್ ಬಿಚ್ಚಿಕೊಂಡು, "ಗೇಟ್ ನೋಡ್ಕೊಳ್ಳಿ ಸಾರ್, ಆಡು ಒಳಕ್ಕೆ ಬತ್ತವೆ," ಎಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತ. ವ್ಯಾನು ಧೂಳೆಬ್ಬಿಸಿಕೊಂಡು ಹೊರಟಿತು.

ವಾಚ್‌ಮನ್ನನ ಸ್ಟೂಲಿನ ಮೇಲೆ ಚಿಕ್ಕಣ್ಣ ಒಬ್ಬನೇ ಉಳಿದ. ಗೆದ್ದರೆ ಪೊನ್ನುಸ್ವಾಮಿ ಗೆಲ್ಲಿಸಿದ. ಸೋತರೆ ಚಿಕ್ಕಣ್ಣ ಕಲಿಸಿದ್ದು ಸಾಲದು. ಅವನು ಹುಣಸೆಮರದ ಕಡೆ ನೋಡಿದ. ಆದೇಶ ಮರೆತು ಕೈಮುಗಿದ.

"ಸಾಮೀ, ನನ್ನ ಕೆಲ್ಸ ಓಯ್ತಾ?"

ಕೇಳಿದ ಮೇಲೆ ಎತ್ತಲೇಬೇಕಲ್ಲ. ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ.

ಬಿಳಿ.